ಕತ್ತಿ ಹಿಡಿಯದ ಅತ್ತಿಮಬ್ಬೆ

ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಕಲಿಸುವವಳು ನಾನು. ಪ್ರತಿ ಜೂನ್‌ನಲ್ಲೂ ಹೊಸ ತರಗತಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: ನಮ್ಮ ನಾಡಿನ ಚರಿತ್ರೆಯಲ್ಲಿ ಬರುವ ಹೆಂಗಸರ ಹೆಸರು ಹೇಳಿ. ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ, ಅಬ್ಬಕ್ಕ. ಅಲ್ಲಿಗೆ ತರಗತಿ ಸುಮ್ಮನಾಗುತ್ತದೆ.

ಮೂವರ ಬಗ್ಗೆಯೂ ನನಗೆ ತುಂಬಾ ಹೆಮ್ಮೆ. ಆದರೆ ಹೆಣ್ಣು ಪಾಠದೊಳಗೆ ಬರಬೇಕಾದರೆ ಆಯುಧ ಹಿಡಿದೇ ಬರಬೇಕು ಅನ್ನೋದು ಮಕ್ಕಳ ಮನಸ್ಸಲ್ಲಿ ಕೂತುಬಿಟ್ಟಿದೆ. ಕೂರಿಸಿದವರು ನಾವೇ, ಪಾಠ ಮಾಡುವವರು.

'ಶಾಂತಿಪುರಾಣ' ಬರೆದವರು ಯಾರು? ಪೊನ್ನ. ಒಂದು ಅಂಕ. ಆ ಕಾವ್ಯವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದವಳು ಅತ್ತಿಮಬ್ಬೆ. ಆಕೆಗೆ 'ದಾನಚಿಂತಾಮಣಿ' ಎಂಬ ಬಿರುದಿತ್ತು ಅಂತ ಒಂದು ಸಾಲು ಹೇಳಿ ಮುಂದೆ ಹೋಗುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಹೋದೆ.

ಈಗ ಮಕ್ಕಳಿಗೆ ಪುಸ್ತಕದ ಒಂದು ಪುಟ ಕೊಟ್ಟು, ತಪ್ಪಿಲ್ಲದೆ ನಕಲು ಮಾಡಿ ಅನ್ನುತ್ತೇನೆ. ಅರ್ಧ ಪುಟ ಆಗುವಷ್ಟರಲ್ಲಿ ಬೆರಳು ಕೊಡವಿಕೊಳ್ಳುತ್ತಾರೆ. ಆಮೇಲೆ ತಾಳೆಗರಿಯ ಕತೆ. ಗರಿಯನ್ನು ಹದ ಮಾಡಿ, ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಟದಿಂದ ಅಕ್ಷರ ಕೊರೆಯಬೇಕು. ಮೇಲೆ ಮಸಿ ಸವರಿ ಒರೆಸಬೇಕು. ಇಡೀ ಕಾವ್ಯವನ್ನು ಹಾಗೆ ಬರೆಯಬೇಕು. ಅಂಥವು ಸಾವಿರ! ಇಷ್ಟು ದೊಡ್ಡ ಕೆಲಸಕ್ಕೆ ಹಣ ಒಂದಿದ್ದರೆ ಸಾಲದು, ಅಲ್ವಾ? ಮುಂದೆ ನಿಂತು ಮಾಡಿಸುವ ಗಟ್ಟಿತನ ಬೇಕು.

ಗಂಡ ನಾಗದೇವ ಯುದ್ಧದಲ್ಲಿ ಸತ್ತಾಗ, ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಬದುಕಿದಳು. ಮಗನನ್ನು ಬೆಳೆಸಿದಳು. ರನ್ನನಿಂದ 993ರಲ್ಲಿ 'ಅಜಿತಪುರಾಣ' ಬರೆಸಿದಳು. 1007ರ ಹೊತ್ತಿಗೆ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ಇಷ್ಟು ಹೇಳಿದ ಮೇಲೆ 'ದಾನಚಿಂತಾಮಣಿ' ಅನ್ನೋ ಮಾತಿಗೆ ತೂಕ ಬರುತ್ತದೆ.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವನ್ನೂ ಓದಿಸುತ್ತೇನೆ. ಅದು 10ನೇ ಶತಮಾನದ ಆರಂಭದ್ದು, ರಾಷ್ಟ್ರಕೂಟರ ಕಾಲ. ನಾಗರಖಂಡದ ನಾಳ್ಗಾವುಂಡ ತೀರಿಕೊಂಡ. ನಾಳ್ಗಾವುಂಡ ಅಂದರೆ ನಾಡಿನ ಆಡಳಿತ ನೋಡುವ ಗೌಡ. ಆ ಹುದ್ದೆಗೆ ಬಂದವಳು ಅವನ ಹೆಂಡತಿ ಜಕ್ಕಿಯಬ್ಬೆ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ವಹಿಸಿ, ಬಂದಳಿಕೆಯಲ್ಲಿ ಉಪವಾಸ ವ್ರತದಿಂದ ದೇಹ ಬಿಟ್ಟಳು.

"ಮಗಳಿಗೇನಾ ಮಿಸ್?" ಅಂತ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದ್ದಳು. ಶಾಸನದ ಸಾಲನ್ನು ಅವಳ ಕೈಯಲ್ಲೇ ಓದಿಸಿದೆ.

ಜೊತೆಯ ಶಿಕ್ಷಕರಲ್ಲಿ ನನ್ನ ವಿನಂತಿ ಚಿಕ್ಕದು. ಪಠ್ಯಪುಸ್ತಕ ಬದಲಾಗಲಿ ಅಂತ ಕಾಯಬೇಡಿ. ಪರೀಕ್ಷೆಗೆ ಬರುವುದನ್ನೇ ಮಕ್ಕಳು ಜಾಸ್ತಿ ಓದುತ್ತಾರೆ, ನಮಗೆಲ್ಲ ಗೊತ್ತು. ಮುಂದಿನ ಕಿರುಪರೀಕ್ಷೆಯಲ್ಲಿ ಪೊನ್ನನ ಪ್ರಶ್ನೆಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ಆ ಕಾವ್ಯವನ್ನು ಸಾವಿರ ಕೈಗಳಿಗೆ ತಲುಪಿಸಿದವರು ಯಾರು, ಹೇಗೆ? ಅದಕ್ಕೆ ಮೂರು ಅಂಕ ಇಡಿ.