ರಾತ್ರಿ ನರಿ ಮರಿ ಒಯ್ಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ಅರವತ್ತು ಕುರಿ ಸಾಕಿದ್ದೇನೆ. ಈಗ ಈಯುವ ಕಾಲ. ಹದಿನೈದು ದಿನದಲ್ಲಿ ನಾಲ್ಕು ಮರಿ ಹೋದವು. ಬೆಳಗ್ಗೆ ನೋಡಿದರೆ ಅರ್ಧ ತಿಂದ ಮರಿ, ಇಲ್ಲವೇ ಬರೀ ಕಾಲು. ರಾತ್ರಿ ನರಿ ಕೂಗುವುದು ಕೇಳಿಸುತ್ತದೆ. ಬಂದೂಕು, ವಿಷ, ಉರುಳು, ಕರೆಂಟು ತಂತಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ?

ಯಾವುದೂ ಬೇಡ. ಚಳಿ ಶುರುವಾದರೆ ಸಾಕು, ಸಿರಾ, ಹಿರಿಯೂರು, ಚಳ್ಳಕೆರೆ, ಕೂಡ್ಲಿಗಿ ಕಡೆಯವರು ತಪ್ಪದೆ ಕೇಳುವ ಪ್ರಶ್ನೆ ಇದು. ಮುಂಗಾರಿನ ಹಸಿರು ಮೇದು ಬೆದೆಗೆ ಬಂದ ಕುರಿಗಳು ಐದು ತಿಂಗಳಿಗೆ, ಅಂದರೆ ಸುಮಾರು 150 ದಿನಕ್ಕೆ, ಸರಿಯಾಗಿ ಚಳಿಯಲ್ಲೇ ಈಯುತ್ತವೆ. ನಾಲ್ಕು ಮರಿ ಕಳೆದುಕೊಂಡವರ ಹೊಟ್ಟೆ ಉರಿಯುವುದು ಸಹಜ. ಆದರೆ ನರಿಯ ಮೇಲೆ ಹೋಗುವ ಮೊದಲು ಒಂದು ಕೆಲಸ ಮಾಡಿ: ಮರಿಯನ್ನು ಕೊಂದದ್ದು ಯಾರು ಅಂತ ತಿಳಿದುಕೊಳ್ಳಿ. ತಿಂದವರೇ ಕೊಂದವರು ಅಂತ ಹೇಳಲು ಬರುವುದಿಲ್ಲ.

ನನಗೆ ಇದು ಅರ್ಥವಾದದ್ದು ಒಂದು ಕುರಿಹಟ್ಟಿಯಲ್ಲಿ. ಬೆಳಗಿನ ಜಾವ ಬೇಲಿಯ ಪಕ್ಕ ಒಂದು ಮರಿ ಬಿದ್ದಿತ್ತು, ಹೊಟ್ಟೆಯ ಭಾಗವೇ ಇರಲಿಲ್ಲ. ಹುಡುಗರೆಲ್ಲ ನರಿ, ನರಿ ಅಂತ ಕೂಗಾಡುತ್ತಿದ್ದರು. ಅಲ್ಲಿನ ಹಿರಿಯ ಕುರಿಗಾಹಿಯೊಬ್ಬರು ಮಾತಾಡದೆ ಕೂತು, ಮರಿಯ ಕಾಲು ಎತ್ತಿ, ಗೊರಸನ್ನು ಬ್ಯಾಟರಿ ಬೆಳಕಿಗೆ ಹಿಡಿದರು. ಹುಟ್ಟಿದ ಮರಿಯ ಗೊರಸಿನ ತುದಿಯಲ್ಲಿ ಹಳದಿ ಬಣ್ಣದ ಮೆತ್ತನೆಯ ಪೊರೆ ಇರುತ್ತದೆ, ಗರ್ಭದೊಳಗೆ ತಾಯಿಗೆ ಗೀರದಿರಲಿ ಅಂತ. ಮರಿ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಅದು ಸವೆದು ಹರಿದುಹೋಗುತ್ತದೆ. ಈ ಮರಿಯಲ್ಲಿ ನಾಲ್ಕು ಕಾಲಿನ ಪೊರೆಯೂ ಹಾಗೇ ಇತ್ತು. "ಇದು ಎದ್ದೇ ಇಲ್ಲ ಕಣಪ್ಪ. ನರಿ ಕದಿಯಾಕೆ ಬಂದಿಲ್ಲ, ಬಿದ್ದಿದ್ದನ್ನ ತಿನ್ನಾಕೆ ಬಂದೈತೆ," ಅಂದರು.

ಪಶುವೈದ್ಯರು ಮಾಡುವುದೂ ಇದೇ, ಇನ್ನೆರಡು ಹೆಜ್ಜೆ ಮುಂದೆ ಹೋಗಿ. ಕಚ್ಚಿದ ಜಾಗದ ಚರ್ಮ ಸುಲಿದು ಒಳಗಡೆ ನೋಡುತ್ತಾರೆ. ಜೀವ ಇದ್ದಾಗ ಹಲ್ಲು ನಾಟಿದ್ದರೆ ಚರ್ಮದ ಅಡಿಯಲ್ಲಿ ರಕ್ತ ಹರಡಿ ಕಪ್ಪಗೆ ಹೆಪ್ಪುಗಟ್ಟಿರುತ್ತದೆ. ಸತ್ತ ಮೇಲೆ ಕಚ್ಚಿದ್ದರೆ ತೂತು ಮಾತ್ರ ಇರುತ್ತದೆ, ಒಳಗೆ ಶುಭ್ರ. ಶ್ವಾಸಕೋಶದ ತುಂಡನ್ನು ನೀರಿಗೆ ಹಾಕಿದಾಗ ತೇಲಿದರೆ ಮರಿ ಉಸಿರಾಡಿತ್ತು, ಮುಳುಗಿದರೆ ಹುಟ್ಟುವಾಗಲೇ ಸತ್ತಿತ್ತು. ಆಮೇಲೆ ಹೊಟ್ಟೆಯಲ್ಲಿ ಹಾಲು ಇದೆಯೇ ಅಂತ ನೋಡುತ್ತಾರೆ. ನನ್ನ ಮಟ್ಟಿಗೆ ಇದೇ ಮುಖ್ಯ. ಹಾಲಿಲ್ಲದ ಹೊಟ್ಟೆ ಅಂದರೆ ಹಸಿದು, ತಣ್ಣಗಾಗಿ, ಮಂದೆಯಿಂದ ಅತ್ತ ಮಲಗಿದ್ದ ಮರಿ. ಅಂಥದ್ದನ್ನು ನರಿ ಜೀವಂತವಾಗಿಯೇ ಒಯ್ದಿರಬಹುದು, ಆದರೂ ಅದನ್ನು ಮೊದಲು ಕೈಬಿಟ್ಟದ್ದು ನಾವು.

ಪ್ರಾಣಿ ಯಾವುದು ಅನ್ನುವುದರಲ್ಲೂ ಗೊಂದಲ ಇದೆ. ನರಿ ಅಂತ ನಾವು ಎರಡಕ್ಕೆ ಹೇಳುತ್ತೇವೆ, ಊರೂರಿಗೆ ಹೆಸರು ಅದಲುಬದಲು ಬೇರೆ. ರಾತ್ರಿ ಗುಂಪಾಗಿ ಊಳಿಡುವುದು ಎಂಟು-ಹತ್ತು ಕಿಲೋ ತೂಗುವ ನರಿ. ಬಯಲಲ್ಲಿ ಬಿಲ ತೋಡಿಕೊಂಡು ಇರುವ, ಬಾಲದ ತುದಿ ಕಪ್ಪಗಿರುವ ಸಣ್ಣದು ಇನ್ನೊಂದು. ಇಲ್ಲಿ ಅದನ್ನು ಗುಳ್ಳೆನರಿ ಅನ್ನೋಣ. ಅದರ ತೂಕ ಎರಡು-ಮೂರು ಕಿಲೋ. ಇಲಿ, ಗೆದ್ದಲು, ಮಿಡತೆ, ಬೋರೆಹಣ್ಣು ತಿಂದು ಬದುಕುವ ಜೀವ. ಆಗ ಹುಟ್ಟಿದ ಡೆಕ್ಕನಿ ತಳಿಯ ಕುರಿಮರಿಯೇ ಹೆಚ್ಚುಕಡಿಮೆ ಅದರಷ್ಟು ತೂಗುತ್ತದೆ. ಅದು ಹಟ್ಟಿಯ ಸುತ್ತ ಓಡಾಡಿದರೆ ಇಲಿ ಹಿಡಿಯುತ್ತಿದೆ ಅಂತ ಬಿಟ್ಟುಬಿಡಿ. ದೊಡ್ಡ ನರಿ ಮಾತ್ರ ಎಳೆ ಮರಿಗೆ ನಿಜಕ್ಕೂ ಅಪಾಯ, ಹುಟ್ಟಿದ ಮೊದಲ ಎರಡು-ಮೂರು ದಿನ. ತೋಳ ಬಂದರೆ ಕಥೆ ಬೇರೆ: ಬೆಳೆದ ಕುರಿಯನ್ನೇ ಕುತ್ತಿಗೆ ಹಿಡಿದು ಎಳೆದೊಯ್ಯುತ್ತದೆ. ಚಿರತೆಯೂ ಗಂಟಲಿಗೇ ಬಾಯಿ ಹಾಕಿ, ಮರೆಗೆ ಎಳೆದುಕೊಂಡು ಹೋಗಿ ತಿನ್ನುತ್ತದೆ. ಒಂದೇ ರಾತ್ರಿ ಏಳೆಂಟು ಕುರಿ ಸತ್ತು, ಕಿವಿ, ತೊಡೆ ಹರಿದು, ಯಾವುದನ್ನೂ ಸರಿಯಾಗಿ ತಿನ್ನದೆ ಬಿಟ್ಟಿದ್ದರೆ ಅದು ಊರ ನಾಯಿಗಳ ಕೆಲಸ. ಇದನ್ನು ಒಪ್ಪಲು ಜನಕ್ಕೆ ಕಷ್ಟ, ಏಕೆಂದರೆ ಆ ನಾಯಿ ಹಗಲು ಪಕ್ಕದ ಮನೆಯ ಜಗಲಿಯ ಮೇಲೆ ಮಲಗಿರುತ್ತದೆ.

ಇನ್ನು ಬಂದೂಕಿನ ಮಾತು. ಮೊಬೈಲಿನಲ್ಲಿ ಆಸ್ಟ್ರೇಲಿಯಾದ, ಇಂಗ್ಲೆಂಡಿನ ವಿಡಿಯೊ ನೋಡಿ ಬಹಳ ಜನ ಕೇಳುತ್ತಾರೆ. ರಾತ್ರಿ ಕಾಣುವ ದುರ್ಬೀನು ಕಟ್ಟಿದ ಬಂದೂಕು, ಗುರಿಯಿಟ್ಟರೆ ನರಿ ಬಿತ್ತು. ಆಸ್ಟ್ರೇಲಿಯಾದ ಕೆಂಪು ನರಿ ಆ ನೆಲದ್ದೇ ಅಲ್ಲ. 19ನೇ ಶತಮಾನದಲ್ಲಿ ಬಿಳಿಯರು ಬೇಟೆಯ ಮೋಜಿಗೆಂದು ಯುರೋಪಿನಿಂದ ತಂದು ಬಿಟ್ಟದ್ದು. ಅಲ್ಲಿನ ಸಣ್ಣ ಪ್ರಾಣಿಗಳನ್ನೆಲ್ಲ ಮುಗಿಸುತ್ತಿದೆ ಅಂತ ಸರ್ಕಾರವೇ ಅದನ್ನು ಕೊಲ್ಲಿಸುತ್ತದೆ. ನಮ್ಮ ನರಿ, ಗುಳ್ಳೆನರಿ, ತೋಳ ಈ ನೆಲದವೇ, ಮೂರಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಉರುಳು ಹಾಕುವುದು, ವಿಷ ಇಡುವುದು ಎಲ್ಲವೂ ಆ ಕಾಯ್ದೆಯಲ್ಲಿ ಬೇಟೆಯೇ. ತೋಳ ಮೊದಲ ಅನುಸೂಚಿಯಲ್ಲಿದೆ, ಅದನ್ನು ಕೊಂದರೆ ಮೂರರಿಂದ ಏಳು ವರ್ಷ ಜೈಲು. ವಿಷ ಹಚ್ಚಿದ ಮಾಂಸವನ್ನು ಮೊದಲು ತಿನ್ನುವುದು ಸಾಮಾನ್ಯವಾಗಿ ನಿಮ್ಮದೇ ನಾಯಿ. ಕಂಬದಿಂದ ನೇರ ಕರೆಂಟು ಎಳೆದು ತಂತಿಗೆ ಬಿಟ್ಟರೆ ಬೆಳಗ್ಗೆ ಬಯಲಿಗೆ ಹೋದ ಮನುಷ್ಯ ಸಾಯುತ್ತಾನೆ. ದಯವಿಟ್ಟು ಅದರ ಯೋಚನೆಯನ್ನೇ ಬಿಡಿ. ಬೆಳಗೆದ್ದು ನರಿ ಮುಖ ನೋಡಿದರೆ ಒಳ್ಳೆಯದಾಗುತ್ತದೆ ಅನ್ನುವ ನಾಡು ನಮ್ಮದು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮ ಆಗಿದೆ. ಅಲ್ಲಿ ತೋಳ ಉಳಿದಿದ್ದರೆ ಅದರಲ್ಲಿ ತಲೆಮಾರುಗಳಿಂದ ಅಕ್ಕಪಕ್ಕ ಕುರಿ ಮೇಯಿಸಿಕೊಂಡು ಬಂದವರ ಸೈರಣೆಯ ಪಾಲೂ ಇದೆ ಅಂತ ನಾನು ನಂಬುತ್ತೇನೆ.

ಹಾಗಾದರೆ ಮಾಡುವುದೇನು? ಇವತ್ತು ರಾತ್ರಿ ಯಾವ ಕುರಿ ಈಯುತ್ತದೆ ಅನ್ನುವುದು ಸಂಜೆಯೇ ನಿಮಗೆ ಗೊತ್ತಿರಬೇಕು. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಮಂದೆ ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು ಹಿಂದಿನಿಂದ ನೋಡಿ. ಕೆಚ್ಚಲು ಬಿಗಿದು ಮೊಲೆ ಹೊಳೆಯುತ್ತಿರುತ್ತದೆ, ಬಾಲದ ಬುಡದ ಎರಡೂ ಬದಿ ಕುಳಿ ಬಿದ್ದಿರುತ್ತದೆ. ಮೇವಿನ ಕಡೆ ಗಮನವಿಲ್ಲದೆ ಮೂಲೆ ಹುಡುಕುತ್ತಾ ನೆಲ ಕೆರೆಯುತ್ತಿದ್ದರೆ ಹೊತ್ತು ಹತ್ತಿರ ಬಂದಿದೆ. ಅಂಥವನ್ನು ಬೇರೆ ಮಾಡಿ, ಮನೆಗೆ ಹತ್ತಿರದ ಗಟ್ಟಿ ದೊಡ್ಡಿಗೆ ಹಾಕಿ. ಅರವತ್ತು ಕುರಿಯನ್ನು ರಾತ್ರಿಯಿಡೀ ಕಾಯಲು ಯಾರಿಂದಲೂ ಆಗದು, ಆರು ಕುರಿಯನ್ನು ಕಾಯಬಹುದು.

ವರ್ಷವಿಡೀ ಟಗರನ್ನು ಮಂದೆಯಲ್ಲೇ ಬಿಟ್ಟರೆ ಕುರಿ ವರ್ಷವಿಡೀ ಈಯುತ್ತದೆ, ನೀವೂ ವರ್ಷವಿಡೀ ನಿದ್ದೆಗೆಡಬೇಕು. ಕುರಿಯ ಬೆದೆ ಸುಮಾರು 17 ದಿನಕ್ಕೊಮ್ಮೆ ಮರಳುತ್ತದೆ. ಟಗರನ್ನು 35 ದಿನ ಬಿಟ್ಟು ಆಮೇಲೆ ಬೇರೆ ಕಟ್ಟಿದರೆ ಎರಡು ಬೆದೆ ಸಿಕ್ಕಂತಾಯಿತು, ಹೆಚ್ಚಿನ ಮರಿಗಳು ಐದು ವಾರದೊಳಗೆ ಬಂದುಬಿಡುತ್ತವೆ. ಬಿಟ್ಟ ದಿನವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಕಾವಲು, ದೀಪ, ಕೂಲಿ ಆಳು ಎಲ್ಲವನ್ನೂ ಆ ಐದು ವಾರಕ್ಕೆ ಇಟ್ಟುಕೊಳ್ಳಬಹುದು.

ಈದ ಮೇಲೆ ತಾಯಿ-ಮರಿಯನ್ನು ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಸಣ್ಣ ತಟ್ಟಿಯೊಳಗೆ ಒಂದೆರಡು ದಿನ ಇಡಿ. ತಾಯಿ ನೆಕ್ಕಿ ಒಣಗಿಸಬೇಕು, ವಾಸನೆ ಹಿಡಿಯಬೇಕು, ಮೊದಲ ಗಂಟೆ-ಎರಡು ಗಂಟೆಯೊಳಗೆ ಗಿಣ್ಣಿನ ಹಾಲು ಮರಿಯ ಹೊಟ್ಟೆ ಸೇರಬೇಕು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ. ತಣ್ಣಗಿದ್ದರೆ ಆ ಮರಿಗೆ ಆ ಕ್ಷಣದ ಶತ್ರು ಚಳಿ, ನರಿಯಲ್ಲ. ಕಂಬಳಿ ಸುತ್ತಿ ಬೆಚ್ಚಗೆ ಮಾಡಿ, ಹಾಲು ಕರೆದು ಕುಡಿಸಿ. ಅವಳಿ ಈದ ತಾಯಿಯ ಮೇಲೆ ಇನ್ನೂ ಹೆಚ್ಚು ಕಣ್ಣಿರಲಿ, ಒಂದನ್ನು ನೆಕ್ಕುತ್ತಾ ಇನ್ನೊಂದನ್ನು ಮರೆತುಬಿಡುತ್ತದೆ. ವಲಸೆ ಹೋಗುವ ಕುರಿಗಾಹಿಗಳು ಎಳೆಮರಿಗಳನ್ನು ಬುಟ್ಟಿ ಮುಚ್ಚಿ, ಸುತ್ತ ಬಲೆ ಕಟ್ಟಿ ನಡುವೆ ಮಲಗುವುದನ್ನು ನೋಡಿದ್ದೀರಲ್ಲ, ಬಯಲಲ್ಲಿ ಅವರ ತಟ್ಟಿ ಅದೇ.

ಕಸದ, ಅಂದರೆ ಈದ ಮೇಲೆ ಬೀಳುವ ಮಾಸಿನ, ವಿಷಯ ಯಾರೂ ಕೇಳುವುದಿಲ್ಲ, ಆದರೆ ನರಿಗೆ ದಾರಿ ತೋರಿಸುವುದೇ ಅದು. ಕುರಿ ಹಾಕಿದ ಕಸವನ್ನು ದೊಡ್ಡಿಯ ಆಚೆ ಎಸೆದರೆ ಮರುದಿನ ರಾತ್ರಿ ನರಿ ಅಲ್ಲಿಗೇ ಬರುತ್ತದೆ. ಸಿಕ್ಕರೆ ಮೂರನೆಯ ದಿನವೂ ಬರುತ್ತದೆ, ಸಿಗದ ದಿನ ಬೇಲಿ ಮೂಸುತ್ತದೆ. ಕಸ, ಸತ್ತ ಮರಿ ಎರಡನ್ನೂ ಅವತ್ತೇ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಮೇಲೆ ಕಲ್ಲು ಹೇರಿ. ನಾಯಿಗಂತೂ ಹಾಕಬೇಡಿ. ಸತ್ತ ಕುರಿಯ ಮಿದುಳು, ಈಲಿ ತಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳ ಬೆಳೆದು, ಅದರ ಮೊಟ್ಟೆ ಮೇವಿನ ಜೊತೆ ಮತ್ತೆ ಕುರಿಗೆ ಹೋಗುತ್ತದೆ; ತಲೆ ತಿರುಗಿ ಸುತ್ತುಹಾಕುತ್ತಾ ಸಾಯುವ ಕುರಿಗಳಲ್ಲಿ ಕೆಲವಕ್ಕೆ ಇದೇ ಕಾರಣ.

ಬೇಲಿ ಹಾಕುವವರು ಎತ್ತರಕ್ಕೆ ದುಡ್ಡು ಸುರಿದು ಬುಡ ಮರೆಯುತ್ತಾರೆ. ನರಿ ಹಾರುವುದಕ್ಕಿಂತ ನುಸುಳುವುದು, ಕೆರೆಯುವುದು ಹೆಚ್ಚು. ಐದಡಿ ಜಾಲರಿಯ ಕೆಳಭಾಗವನ್ನು ಹೊರಗಡೆಗೆ ಒಂದಡಿ ಮಡಚಿ ನೆಲಕ್ಕೆ ಹಾಸಿ, ಮೇಲೆ ಮಣ್ಣು, ಕಲ್ಲು ಹಾಕಿ. ಕೆರೆಯಲು ಬಂದದ್ದಕ್ಕೆ ಉಗುರಿಗೆ ತಂತಿಯೇ ಸಿಗುತ್ತದೆ. ಗೇಟಿನ ಅಡಿಯ ಸಂದಿಯನ್ನು ಹಲಗೆ ಹೊಡೆದು ಮುಚ್ಚಿ. ದುಡ್ಡಿಲ್ಲದಿದ್ದರೆ ಜಾಲಿಮುಳ್ಳು ಒತ್ತೊತ್ತಾಗಿ ಜಡಿದ ಹಳೆಯ ಬೇಲಿಯೇ ಸಾಕು, ವಾರಕ್ಕೊಮ್ಮೆ ಸುತ್ತು ಹಾಕಿ ಸಡಿಲವಾದ ಕಡೆ ತುಂಬುತ್ತಿರಬೇಕು ಅಷ್ಟೆ.

ದೀಪ ಕೆಲಸ ಮಾಡುತ್ತದೆ, ಆದರೆ ಒಂದೇ ಸಮನೆ ಉರಿಯುವ ಬಲ್ಬಿಗೆ ನರಿ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಕುರಿ ಸಾಕಣೆದಾರರೊಬ್ಬರು ಮರಿಗಳನ್ನು ನರಿಯಿಂದ ಕಾಪಾಡಲೆಂದೇ ಫಾಕ್ಸ್‌ಲೈಟ್ ಅನ್ನುವ ದೀಪ ಮಾಡಿದರು. ಯಾವಾಗ ಮಿನುಗುತ್ತದೆ ಅಂತ ಹೇಳಲಾಗದಂತೆ ಅದು ಮಿಂಚುತ್ತದೆ, ದೂರದಿಂದ ಯಾರೋ ಬ್ಯಾಟರಿ ಹಿಡಿದು ಓಡಾಡಿದಂತೆ ಕಾಣುತ್ತದೆ. ಅದನ್ನೂ ಎರಡು-ಮೂರು ದಿನಕ್ಕೊಮ್ಮೆ ಜಾಗ ಬದಲಿಸಬೇಕು, ಈಯುವ ಕಾಲ ಮುಗಿದ ಕೂಡಲೇ ತೆಗೆದಿಡಬೇಕು.

ನಾಯಿ ಸಾಕುವುದಾದರೆ ಒಂದು ಮಾತು. ಮುಧೋಳ ತಳಿ ಚೆಂದ, ಓಟದಲ್ಲಿ ಅದರ ಸಮ ಇಲ್ಲ. ಆದರೆ ಅದು ಬೆನ್ನಟ್ಟುವ ನಾಯಿ. ಒಂದು ನರಿಯ ಹಿಂದೆ ಅದು ಮೈಲಿ ಹೋದರೆ ಇನ್ನೊಂದು ನರಿಗೆ ಮಂದೆ ಬಯಲು. ಕಾವಲಿಗೆ ಬೇಕಾದದ್ದು ಮಂದೆ ಬಿಟ್ಟು ಕದಲದ ನಾಯಿ. ಎರಡು ತಿಂಗಳ ನಾಟಿ ಮರಿಯನ್ನು ತಂದು ಕುರಿಮರಿಗಳ ಜೊತೆಗೇ ಮಲಗಿಸಿ, ಅಲ್ಲೇ ಊಟ ಹಾಕಿ ಬೆಳೆಸಿದರೆ ಅದಕ್ಕೆ ಮಂದೆಯೇ ಮನೆ ಆಗುತ್ತದೆ. ಆಸ್ಟ್ರೇಲಿಯಾದ ವಾರ್ನಂಬೂಲ್ ಊರಿನ ಹತ್ತಿರದ ಪುಟ್ಟ ದ್ವೀಪವೊಂದರಲ್ಲಿ ನರಿಗಳಿಂದ ಪೆಂಗ್ವಿನ್‌ಗಳನ್ನು ಕಾಯಲು 2006ರಿಂದ ಮರೆಮ್ಮಾ ತಳಿಯ ಕಾವಲು ನಾಯಿ ಬಿಟ್ಟರು. ನಾಯಿ ಕಚ್ಚಿ ಓಡಿಸಬೇಕಾಗಿಲ್ಲ, ಅದರ ಬೊಗಳು, ಅದರ ವಾಸನೆ ಇದ್ದರೆ ನರಿ ಬೇರೆ ಕಡೆ ನೋಡುತ್ತದೆ. ರೇಬೀಸ್ ಲಸಿಕೆ, ಜಂತುಹುಳದ ಔಷಧಿ ತಪ್ಪಿಸಬೇಡಿ.

ಇಷ್ಟೆಲ್ಲ ಮಾಡಿಯೂ ಮರಿ ಅಥವಾ ಕುರಿ ಹೋದರೆ ಕಳೇಬರವನ್ನು ಅಲ್ಲಾಡಿಸಬೇಡಿ. ಮೇಲೆ ಹೇಳಿದ ಸುಲಿಯುವ ಪರೀಕ್ಷೆಯನ್ನೂ ಆಗ ನೀವೇ ಮಾಡಬೇಡಿ, ವೈದ್ಯರಿಗೆ ಬಿಡಿ. ಹೆಜ್ಜೆ ಗುರುತಿನ ಮೇಲೆ ಬುಟ್ಟಿ ಕವುಚಿ ಕಾಪಾಡಿ, ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ಅಳತೆ ಕಾಣುವಂತೆ ಫೋಟೊ ತೆಗೆಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಊರಿನ ಪಶು ಆಸ್ಪತ್ರೆಗೂ ತಿಳಿಸಿ. ವನ್ಯಪ್ರಾಣಿ ಕೊಂದದ್ದು ಅಂತ ಖಚಿತವಾದರೆ ಅರಣ್ಯ ಇಲಾಖೆಯಿಂದ ಪರಿಹಾರಕ್ಕೆ ಅರ್ಜಿ ಹಾಕಬಹುದು. ಬೇರೆ ಆಕಸ್ಮಿಕಗಳಲ್ಲಿ ಸತ್ತ ಕುರಿಗೆ ಪಶುಪಾಲನಾ ಇಲಾಖೆಯ ಅನುಗ್ರಹ ಯೋಜನೆ ಇದೆ, ನಿಮ್ಮ ಕುರಿಗೆ ಅನ್ವಯಿಸುತ್ತದೆಯೇ ಅಂತ ಅಲ್ಲೇ ವಿಚಾರಿಸಿ. ಎರಡಕ್ಕೂ ವೈದ್ಯರ ಮರಣೋತ್ತರ ವರದಿ ಬೇಕು. ಗುಂಡಿ ತೋಡುವುದು ಅವರು ಬಂದು ಹೋದ ಮೇಲೆ.