ಗೇರುಮರದ ನೇಕಾರರು

ಗೋವಾದ ಫೋಂಡಾ ಹತ್ತಿರದ ನಮ್ಮ ಹಳ್ಳಿಯ ಗುಡ್ಡದಲ್ಲಿ ಬೇಸಿಗೆ ಬಂತೆಂದರೆ ಗೇರುಹಣ್ಣಿನ ಘಾಟು. ಹಣ್ಣು ಆರಿಸುವವರಲ್ಲಿ ಹಾವೇರಿ ಕಡೆಯವರೂ ಇದ್ದಾರೆ. ಮೊನ್ನೆ ಒಂದು ಮರಕ್ಕೆ ಒರಗಲು ಹೋದೆ. ಅವರಲ್ಲೊಬ್ಬ ಅಕ್ಕ ಕೂಗಿದರು: "ಆ ಗಿಡಕ್ಕ ಕೈ ಹಚ್ಚಬ್ಯಾಡ್ರಿ ಅಣ್ಣಾರ, ಕೆಂಪಿರಿವಿ ಅದಾವ!" ಅಷ್ಟರಲ್ಲಿ ಎರಡು ಇರುವೆ ಅಂಗಿಯೊಳಗೆ ಇಳಿದಾಗಿತ್ತು.

ಮಲೆನಾಡಿನವನಾದ ನನಗೆ ಇದು ಹಳೇ ಪರಿಚಯ. ನಮ್ಮಲ್ಲಿ ಇದು ಚಗಳಿ. ಇದಕ್ಕೆ ಕೊಂಡಿ ಇಲ್ಲ. ದವಡೆಯಿಂದ ಕಚ್ಚಿ, ಗಾಯದ ಮೇಲೆ ಹಿಂಬದಿಯಿಂದ ಫಾರ್ಮಿಕ್ ಆಮ್ಲ ಚಿಮುಕಿಸುತ್ತದೆ. ಉರಿಯುವುದು ಅದಕ್ಕೇ. ಚಗಳಿ ಚಟ್ನಿಗೆ ಹುಳಿ ಬರುವುದೂ ಅದೇ ಆಮ್ಲದಿಂದ. ಒಡಿಶಾದ ಮಯೂರ್‌ಭಂಜ್‌ನಲ್ಲಿ ಮಾಡುವ ಇಂಥದೇ ಚಟ್ನಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನಮ್ಮ ಅಜ್ಜಿಯ ಚಟ್ನಿಯನ್ನು ಯಾರೂ ಕೇಳಲಿಲ್ಲ, ಬಿಡಿ.

ನೋಡಬೇಕಾದದ್ದು ಇವು ಗೂಡು ಕಟ್ಟುವ ರೀತಿ. ಎಲೆಯ ಅಂಚಿನಲ್ಲಿ ಸಾಲಾಗಿ ನಿಂತು ಪಕ್ಕದ ಎಲೆಯನ್ನು ಎಳೆಯುತ್ತವೆ. ಎಟುಕದಿದ್ದರೆ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಳಿಯಾಗುತ್ತವೆ. ಎಲೆಗಳು ಕೂಡಿದ ಮೇಲೆ ಹೊಲಿಗೆ. ದೊಡ್ಡ ಇರುವೆಗಳ ಹತ್ತಿರ ನೂಲಿಲ್ಲ. ರೇಷ್ಮೆ ಇರುವುದು ಮರಿಹುಳಗಳ ಬಾಯಲ್ಲಿ. ಹಾಗಾಗಿ ಮರಿಯನ್ನೇ ದವಡೆಯಲ್ಲಿ ಹಿಡಿದು, ಮಗ್ಗದ ಲಾಳಿಯ ಹಾಗೆ ಆ ಎಲೆಗೂ ಈ ಎಲೆಗೂ ಓಡಾಡಿಸುತ್ತವೆ. ರೇಷ್ಮೆಹುಳ ಆ ನೂಲಿನಿಂದ ತನಗೊಂದು ಗೂಡು ಸುತ್ತಿಕೊಳ್ಳುತ್ತದೆ, ಅಲ್ವಾ? ಚಗಳಿ ಮರಿ ಇದ್ದದ್ದೆಲ್ಲ ಮನೆಗೆ ಕೊಟ್ಟು, ಬರಿಮೈಯಲ್ಲೇ ಕೋಶಾವಸ್ಥೆಗೆ ಹೋಗುತ್ತದೆ.

ಆ ಮರದಲ್ಲಿ ಇನ್ನೊಂದು ತಮಾಷೆ ಕಂಡಿತು. ಇರುವೆಯಂತೆಯೇ ಇದ್ದ ಒಂದು ಕೆಂಪು ಜೀವಿಗೆ ಎಂಟು ಕಾಲು! ಅದು ಚಗಳಿಯ ವೇಷ ಹಾಕುವ ಜೇಡ. ಮುಂಗಾಲನ್ನು ಮೀಸೆಯಂತೆ ಎತ್ತಿಕೊಂಡು ನಡೆಯುತ್ತದೆ. ಕಚ್ಚುವ ಇರುವೆಯೆಂದು ಹಕ್ಕಿಗಳೂ ಹತ್ತಿರ ಬರದಿರಲಿ ಅನ್ನುವ ಉಪಾಯ.

ಗೇರು ಇಲ್ಲಿನ ಮರವಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಚಗಳಿ ಇಲ್ಲಿಯದೇ. ಗೇರಿನ ದೊಡ್ಡ ಶತ್ರು ಟೀ ಸೊಳ್ಳೆ. ಹೆಸರಿಗಷ್ಟೇ ಸೊಳ್ಳೆ, ನಿಜಕ್ಕೂ ತಿಗಣೆಯ ಬಳಗ. ಚಿಗುರು, ಹೂಗೊಂಚಲು, ಎಳೆಗಾಯಿಗಳ ರಸ ಹೀರಿ ಒಣಗಿಸುತ್ತದೆ. ಚಗಳಿ ಇರುವ ಮರದಲ್ಲಿ ಅದರ ಆಟ ಕಡಿಮೆ. ಚೀನಾದ ಕಿತ್ತಳೆ ಬೆಳೆಗಾರರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಈ ಗೂಡುಗಳನ್ನು ಕೊಂಡು ತಂದು ಮರಕ್ಕೆ ಕಟ್ಟುತ್ತಿದ್ದರು. ಮರದಿಂದ ಮರಕ್ಕೆ ದಾಟಲು ಬಿದಿರಿನ ಸಂಕವನ್ನೂ ಹಾಕಿಕೊಡುತ್ತಿದ್ದರು.

ಹಾಗೆಂದು ಚಗಳಿ ಸುಮ್ನೆ ಪುಣ್ಯಕ್ಕೆ ಕಾವಲಿಗೆ ನಿಂತಿಲ್ಲ. ಸಿಹಿದ್ರವದ ಆಸೆಗೆ ಹಿಟ್ಟು ತಿಗಣೆಯಂಥ ರಸ ಹೀರುವ ಹುಳಗಳನ್ನು ದನದಂತೆ ಸಾಕುವುದೂ ಉಂಟು. ಲೆಕ್ಕ ಹಾಕಿದರೆ ಗೇರಿಗೆ ಲಾಭವೇ ಜಾಸ್ತಿ ಅನ್ನಿಸುತ್ತದೆ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಪೂರ್ತಿ ಕೇಳಿ, ಬುಟ್ಟಿ ಎತ್ತಿಕೊಂಡು ಅಂದರು: "ಕಾವಲಾ ಕಾಯ್ಲಿ ಬಿಡ್ರಿ. ಹಣ್ಣ ಆರಸವ್ರನ್ನ ಯಾಕ ಕಚ್ಚಬೇಕ?"