ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿದೆ, ಕಾರು ಮಾತ್ರ ಸ್ಟಾರ್ಟ್ ಆಗುತ್ತಿಲ್ಲ

ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ. ಹೆಡ್‌ಲೈಟ್ ಮಂಕಾಗಿಲ್ಲ. ಪೆಟ್ರೋಲ್ ಮುಳ್ಳು ಅರ್ಧಕ್ಕಿಂತ ಮೇಲಿದೆ. ಆದರೂ ಎಂಜಿನ್ ಹಿಡಿಯುತ್ತಿಲ್ಲ. ಇಂಥ ಕಾರಿನ ಸುತ್ತ ನಾಲ್ಕು ಜನ ಸೇರಿದರೆ ನಾಲ್ಕು ತೀರ್ಪು ಬರುತ್ತವೆ. “ಫ್ಯೂಯಲ್ ಪಂಪ್ ಹೋಗಿದೆ ಸಾರ್.” “ಪೆಟ್ರೋಲ್‌ನಲ್ಲಿ ನೀರು ಸೇರಿದೆ.” “ಎಕ್ಸಲರೇಟರ್ ನಾಲ್ಕು ಸಲ ಒತ್ತಿ ಸೆಲ್ಫ್ ಹೊಡೀರಿ.” “ಯಾರದೋ ದೃಷ್ಟಿ ತಾಗಿದೆ, ಒಂದು ನಿಂಬೆಹಣ್ಣು ನಿವಾಳಿಸಿ.”

ಆಯುಧಪೂಜೆಗೆ ಗಾಡಿಗೆ ಹೂ ಹಾಕುವುದರಲ್ಲಿ ತಪ್ಪೇನಿಲ್ಲ. ನಾನೂ ಹಾಕುತ್ತೇನೆ. ಆದರೆ ಕೆಟ್ಟು ನಿಂತ ಗಾಡಿಗೆ ದೃಷ್ಟಿ ಅಂತ ಕಾರಣ ಕೊಟ್ಟುಬಿಟ್ಟರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಏನನ್ನೂ ಅಳೆಯದೆ “ಪಂಪ್ ಹೋಗಿದೆ” ಎನ್ನುವ ಮಾತಿನದೂ ಇದೇ ಕಥೆ. ಅದನ್ನು ನಂಬಿ ಹೊಸ ಪಂಪ್ ಹಾಕಿಸಿದ ಮೇಲೆ ತೊಂದರೆ ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚಿನಂಥ ಒಂದು ಸಣ್ಣ ರಿಲೇಯದ್ದು ಎಂದು ಗೊತ್ತಾಗಿ, ಸಾವಿರಾರು ರೂಪಾಯಿ ಸುಮ್ನೆ ಕಳೆದುಕೊಂಡವರು ಬಹಳ ಜನ ಇದ್ದಾರೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂಬುದರಿಂದ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಸಣ್ಣ ನಳಿಕೆಯವರೆಗೆ, ಅಂದರೆ ಇಂಜೆಕ್ಟರ್‌ವರೆಗೆ, ಅದು ಎಷ್ಟು ಒತ್ತಡದಲ್ಲಿ ಬಂದು ನಿಂತಿದೆ ಎಂಬುದು ಮುಖ್ಯ. ಹಳೆಯ ಪಂಪ್ ಸ್ಟೌ ಹಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀಮೆಎಣ್ಣೆ ಕಂಠಮಟ್ಟ ಇದ್ದರೂ ಪಂಪ್ ಹೊಡೆಯದೆ ನೀಲಿ ಉರಿ ಬರುವುದಿಲ್ಲ. ಗಾಳಿ ಇಳಿದರೆ ಉರಿ ಹಳದಿಯಾಗಿ ಮಸಿ ಹಿಡಿಯುತ್ತದೆ. ಬರ್ನರಿನ ತೂತು ಕಟ್ಟಿಕೊಂಡರೆ ಸ್ಟೌ ಪಿನ್ ಹಾಕಬೇಕು. ಎಣ್ಣೆ, ಒತ್ತಡ, ಸಣ್ಣ ತೂತು ಮೂರೂ ಸರಿ ಇದ್ದಾಗಲೇ ಕೆಲಸ ಆಗುತ್ತದೆ.

ಒತ್ತಡ ಯಾಕೆ ಬೇಕು? ಪೆಟ್ರೋಲ್ ದ್ರವರೂಪದಲ್ಲಿ ಉರಿಯುವುದಿಲ್ಲ. ಅದರ ಆವಿ ಉರಿಯುತ್ತದೆ. ಅದೂ ಗಾಳಿಯಲ್ಲಿ ಸುಮಾರು ಶೇ 1.4ರಿಂದ 7.6ರಷ್ಟು ಬೆರೆತಿದ್ದಾಗ ಮಾತ್ರ. ಅದಕ್ಕಿಂತ ಕಡಿಮೆಯಾದರೂ ಕಿಡಿಗೆ ಹತ್ತುವುದಿಲ್ಲ, ಜಾಸ್ತಿಯಾದರೂ ಹತ್ತುವುದಿಲ್ಲ. ಒತ್ತಡದಲ್ಲಿ ಸಣ್ಣ ತೂತಿನಿಂದ ಚಿಮ್ಮಿದ ಪೆಟ್ರೋಲ್ ಮಂಜಿನಂತೆ ಒಡೆದು ಬೇಗ ಆವಿಯಾಗುತ್ತದೆ. ಒತ್ತಡ ಇಲ್ಲದಿದ್ದರೆ ಹನಿಹನಿಯಾಗಿ ಸೋರಿ, ತಣ್ಣಗಿನ ಗೋಡೆಗೆ ಅಂಟಿಕೊಂಡು ಕೂರುತ್ತದೆ.

ಎಂಜಿನ್ನಿಗೆ ಇಂಧನ ಮುಟ್ಟಿಸುವ ಈ ಜಗಳ ಕಾರಿನಷ್ಟೇ ಹಳೆಯದು. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ 1886ರಲ್ಲಿ ಪೇಟೆಂಟ್ ಪಡೆದ. ಎರಡು ವರ್ಷದ ಮೇಲೆ, 1888ರ ಆಗಸ್ಟ್‌ನಲ್ಲಿ, ಅವನ ಹೆಂಡತಿ ಬರ್ಟಾ ಬೆಂಜ್ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು ನೂರು ಕಿಲೋಮೀಟರ್ ದಾರಿ. ಅಷ್ಟು ದೂರ ಅಲ್ಲಿಯವರೆಗೆ ಯಾರೂ ಕಾರು ಓಡಿಸಿರಲಿಲ್ಲ. ಪೆಟ್ರೋಲ್ ಬಂಕ್ ಎಲ್ಲಿಯದು ಆಗ! ವೀಸ್ಲಾಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರಾಯಿನ್ ಎಂಬ ಪೆಟ್ರೋಲಿನಂಥ ದ್ರವ ಕೊಂಡು ಟ್ಯಾಂಕಿಗೆ ಸುರಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ತನ್ನ ಟೋಪಿಯ ಪಿನ್ ತೆಗೆದು ಅದನ್ನು ಬಿಡಿಸಿದಳು. ಇನ್ನೊಂದು ಕಡೆ ಕಿಡಿ ಕೊಡುವ ತಂತಿಯ ಹೊದಿಕೆ ಹೋಗಿತ್ತು. ಕಾಲುಚೀಲದ ಪಟ್ಟಿ ಸುತ್ತಿ ಅದನ್ನೂ ಸರಿಮಾಡಿದಳು. ಇವತ್ತು ಗ್ಯಾರೇಜಿನಲ್ಲಿ ಕೇಳುವ ಎರಡು ಮೊದಲ ಪ್ರಶ್ನೆ, “ಪೆಟ್ರೋಲ್ ಬರ್ತಿದೆಯಾ, ಕರೆಂಟ್ ಬರ್ತಿದೆಯಾ”, ಆ ಒಂದೇ ಪ್ರಯಾಣದಲ್ಲಿ ಅವಳಿಗೆ ಎದುರಾಗಿದ್ದವು. ಎರಡನ್ನೂ ಬೇರೆಬೇರೆಯಾಗಿ ನೋಡಿ, ಬೇರೆಬೇರೆಯಾಗಿಯೇ ಬಿಡಿಸಿದಳು. ಆ ಹೆಣ್ಣುಮಗಳ ಬಗ್ಗೆ ನನಗೆ ಬಹಳ ಗೌರವ.

ಮುಂದೆ ಕಾರ್ಬ್ಯುರೇಟರಿನ, ಅಂದರೆ ಇಂಜೆಕ್ಟರ್ ಇಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನದ, ಕಾಲ ಬಂತು. ನಮ್ಮಲ್ಲಿ ಅಂಬಾಸಿಡರ್, 1983ರಲ್ಲಿ ಬಂದ ಮಾರುತಿ 800, ಎಲ್ಲ ಅದೇ. ಪಂಪ್ ಎಂಜಿನ್ನಿನ ಪಕ್ಕದಲ್ಲೇ ಕೂತು ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತಿತ್ತು. ಎಳೆಯುವಾಗ ಕೊಳವೆಯೊಳಗೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ದ್ರವ ಬೇಗ ಕುದಿಯುತ್ತದೆ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಕೊಳವೆಯಲ್ಲಿ ಆವಿ ತುಂಬಿ ಗಾಡಿ ನಿಲ್ಲುತ್ತಿದ್ದುದು ಇದಕ್ಕೇ. ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ಅದು ಮೂಢನಂಬಿಕೆ ಆಗಿರಲಿಲ್ಲ, ಅಪ್ಪಟ ವಿಜ್ಞಾನ. ಈಗಿನ ಪಂಪ್ ಟ್ಯಾಂಕಿನೊಳಗೇ ಇದ್ದು ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ತಳ್ಳಿದಾಗ ಒತ್ತಡ ಏರುತ್ತದೆ, ಕುದಿಯುವ ಬಿಂದುವೂ ಮೇಲೆ ಹೋಗುತ್ತದೆ. ಹಾಗಾಗಿ ಆ ಕಾಟ ಹೆಚ್ಚುಕಡಿಮೆ ತಪ್ಪಿತು.

ಎಕ್ಸಲರೇಟರ್ ಒತ್ತಿ ಸೆಲ್ಫ್ ಹೊಡೆಯುವ ಅಭ್ಯಾಸವೂ ಆ ಕಾಲದ್ದೇ. ಕಾರ್ಬ್ಯುರೇಟರಿನಲ್ಲಿ ಪೆಡಲ್ ತುಳಿದಾಗಲೆಲ್ಲ ಒಂದು ಪುಟ್ಟ ಪಂಪ್ ಪೆಟ್ರೋಲ್ ಚಿಮ್ಮಿಸುತ್ತಿತ್ತು. ಇಂಜೆಕ್ಷನ್ ಕಾರಿನಲ್ಲಿ ಆ ಪಂಪೇ ಇಲ್ಲ. ಅಲ್ಲಿ ಸುಮ್ಮನೆ ನಾಲ್ಕು ಸಲ ತುಳಿದರೆ ಏನೂ ಆಗುವುದಿಲ್ಲ. ಸೆಲ್ಫ್ ಹೊಡೆಯುವಾಗ ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದರೆ ಮಾತ್ರ ಹೆಚ್ಚಿನ ಕಾರುಗಳಲ್ಲಿ ಉಲ್ಟಾ ಕೆಲಸ ಆಗುತ್ತದೆ. ಪೆಟ್ರೋಲ್ ಜಾಸ್ತಿಯಾಗಿ ಕಿಡಿ ಹಾರಿಸುವ ಪ್ಲಗ್ ನೆನೆದಿದೆ ಎಂದುಕೊಂಡು ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಇಂಜೆಕ್ಟರುಗಳನ್ನು ಮುಚ್ಚಿಬಿಡುತ್ತದೆ, ಬರೀ ಗಾಳಿ ಎಳೆಸಿ ಒಳಗನ್ನು ಒಣಗಿಸುತ್ತದೆ. ನಿಜವಾಗಿ ಪ್ಲಗ್ ನೆನೆದಿದ್ದರೆ ಇದು ಒಳ್ಳೆಯ ಉಪಾಯ. ಇಲ್ಲದಿದ್ದರೆ ಬರಬೇಕಿದ್ದ ಪೆಟ್ರೋಲನ್ನು ನಾವೇ ನಿಲ್ಲಿಸಿದಂತೆ.

ಈಗ ನನಗೆ ಅತಿ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಇಸಿಯು ಎಷ್ಟೇ ಬುದ್ಧಿವಂತ ಆಗಿರಲಿ, ಅದಕ್ಕೆ ಪೆಟ್ರೋಲ್ ಕಾಣುವುದಿಲ್ಲ. ಒಳಗೆ ಬಂದ ಗಾಳಿ ಎಷ್ಟು ಎಂದು ಅದು ಲೆಕ್ಕ ಹಾಕುತ್ತದೆ. 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಎಂಬುದು ಮೂಲ ಲೆಕ್ಕ. ತಣ್ಣಗಿನ ಎಂಜಿನ್ನಿಗೆ ಇನ್ನೂ ಜಾಸ್ತಿ. ಆಮೇಲೆ ಇಂಜೆಕ್ಟರನ್ನು ಇಷ್ಟು ಮಿಲಿಸೆಕೆಂಡ್ ತೆರೆ ಎಂದು ಹೇಳುತ್ತದೆ. ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಅದು ಬರೀ 2-3 ಮಿಲಿಸೆಕೆಂಡ್. ಅಷ್ಟು ಹೊತ್ತಿಗೆ ಇಷ್ಟು ಪೆಟ್ರೋಲ್ ಬಂದಿರುತ್ತದೆ ಎಂಬುದು ಅದರ ನಂಬಿಕೆ. ಆ ನಂಬಿಕೆ ನಿಂತಿರುವುದು ಸುಮಾರು 3ರಿಂದ 4 ಬಾರ್ ಒತ್ತಡದ ಮೇಲೆ. ಗ್ಯಾರೇಜಿನ ಲೆಕ್ಕದಲ್ಲಿ 44ರಿಂದ 58 ಪಿಎಸ್‌ಐ.

ತೂತಿನಿಂದ ಹರಿಯುವ ದ್ರವದ ಪ್ರಮಾಣ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. 3 ಬಾರ್ ಇರಬೇಕಾದಲ್ಲಿ ಅದರ ಅರ್ಧ ಇದ್ದರೆ ಪೆಟ್ರೋಲ್ ಅರ್ಧಕ್ಕೆ ಇಳಿಯುವುದಿಲ್ಲ, ಶೇ 71ರಷ್ಟು ಬರುತ್ತದೆ. 1 ಬಾರ್ ಇದ್ದರೂ ಶೇ 58. ಹಾಗಾದರೆ ಹೇಗೋ ಸ್ಟಾರ್ಟ್ ಆಗಬೇಕಲ್ವಾ? ಬಿಸಿ ಎಂಜಿನ್ ಕೆಲವೊಮ್ಮೆ ಆಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಅದೇ ಕಾರು ಮೊಂಡು ಹಿಡಿಯುತ್ತದೆ. ಪ್ರಮಾಣ ಕಡಿಮೆಯಾಗುವುದರ ಜೊತೆಗೆ ಹನಿಗಳೂ ದಪ್ಪವಾಗಿ, ಆವಿಯಾಗುವ ಪಾಲು ಇನ್ನೂ ಕುಸಿಯುತ್ತದೆ. “ಮಧ್ಯಾಹ್ನ ಸರಿ ಇರುತ್ತೆ, ಬೆಳಿಗ್ಗೆ ಮಾತ್ರ ಹಟ ಮಾಡುತ್ತೆ” ಎಂಬ ದೂರಿನ ಹಿಂದೆ ಎಷ್ಟೋ ಸಲ ಈ ಕಾರಣ ಇರುತ್ತದೆ.

“ಸ್ಕ್ಯಾನರ್ ಹಾಕಿದೆ, ಏನೂ ಬರಲಿಲ್ಲ, ಹಾಗಾಗಿ ಪೆಟ್ರೋಲ್ ಲೈನ್ ಸರಿ ಇದೆ” ಎಂಬ ಮಾತು ನನಗೆ ಸಂಕಟ ಕೊಡುವುದು ಇದಕ್ಕೇ. ಸ್ಕ್ಯಾನರ್ ಎಂದರೆ ಇಸಿಯು ಬರೆದಿಟ್ಟ ದೂರುಗಳನ್ನು ಓದುವ ಉಪಕರಣ. ನಮ್ಮ ರಸ್ತೆಯ ಬಹುಪಾಲು ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಇಂಧನದ ಒತ್ತಡ ಅಳೆಯುವ ಸೆನ್ಸರೇ ಇಲ್ಲ. ಇಲ್ಲದ ಸೆನ್ಸರಿನ ದೂರು ಸ್ಕ್ಯಾನರಿನಲ್ಲಿ ಹೇಗೆ ಬರಬೇಕು? ಸೈಲೆನ್ಸರ್ ಕೊಳವೆಯ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕಡಿಮೆ ಎಂದು ಹೇಳಬಲ್ಲದು. ಆದರೆ ಎಂಜಿನ್ ಓಡಿ ಅದು ಬಿಸಿಯಾಗಬೇಕು. ಸ್ಟಾರ್ಟೇ ಆಗದ ಕಾರಿನಲ್ಲಿ ಅದರ ಸಾಕ್ಷಿ ಸಿಗುವುದಿಲ್ಲ.

ಡೀಸೆಲ್ ಕಾರಿನಲ್ಲಿ ಪರಿಸ್ಥಿತಿ ಬೇರೆ. ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡದ ಸೆನ್ಸರ್ ಇದೆ. ಓಡುವಾಗ ಅಲ್ಲಿ ಸಾವಿರ ಬಾರ್ ದಾಟುತ್ತದೆ. ಸೆಲ್ಫ್ ಹೊಡೆಯುವಾಗ ಒಂದು ಮಟ್ಟ, ಸಾಮಾನ್ಯವಾಗಿ 200 ಬಾರ್ ಆಸುಪಾಸು, ಮುಟ್ಟದಿದ್ದರೆ ಇಸಿಯು ಇಂಜೆಕ್ಟರ್ ತೆರೆಯುವುದೇ ಇಲ್ಲ. ಆ ಅಂಕಿಯನ್ನು ಸ್ಕ್ಯಾನರಿನಲ್ಲಿ ನೇರವಾಗಿ ನೋಡಬಹುದು. ಡೀಸೆಲ್ ಪೂರ್ತಿ ಖಾಲಿ ಮಾಡಿಕೊಂಡರೆ ಲೈನಿಗೆ ಏರ್ ಹಿಡಿಯುತ್ತದೆ. ಗಾಳಿ ಅದುಮಿಕೊಳ್ಳುತ್ತದೆ, ದ್ರವ ಅದುಮಿಕೊಳ್ಳುವುದಿಲ್ಲ. ಹಾಗಾಗಿ ಏರ್ ತೆಗೆಯುವವರೆಗೆ ಒತ್ತಡ ಏರುವುದಿಲ್ಲ. ಒಂದು ಎಚ್ಚರಿಕೆ: ಡೀಸೆಲ್ ಲೈನ್ ಎಲ್ಲಿ ಸೋರುತ್ತಿದೆ ಎಂದು ಕೈ ಇಟ್ಟು ನೋಡಲೇಬೇಡಿ. ಆ ಒತ್ತಡದ ಸಣ್ಣ ಎಳೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಬೆರಳು ಕತ್ತರಿಸಬೇಕಾದ ಸ್ಥಿತಿ ಬರಬಹುದು.

ಪೆಟ್ರೋಲ್ ಕಾರಿನಲ್ಲಿ ಮೊದಲು ಕಿವಿ ಉಪಯೋಗಿಸಿ. ಗಾಜು ಏರಿಸಿ, ಫ್ಯಾನ್, ರೇಡಿಯೋ ಆಫ್ ಮಾಡಿ, ಕೀ ಆನ್ ಮಾಡಿ. ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕೆಳಗಿನಿಂದ ಸುಮಾರು ಎರಡು ಸೆಕೆಂಡ್ ಜುಂಯ್ ಎಂಬ ಸಣ್ಣ ಸದ್ದು ಬಂದು ನಿಲ್ಲಬೇಕು. ಪಂಪ್ ಒತ್ತಡ ತುಂಬುತ್ತಿರುವ ಸದ್ದು ಅದು. ಕೆಲವು ಹೊಸ ಕಾರುಗಳಲ್ಲಿ ಬಾಗಿಲು ತೆಗೆದಾಗಲೇ ಈ ಕೆಲಸ ಆಗಿರುತ್ತದೆ. ಎರಡೇ ಸೆಕೆಂಡಿಗೆ ನಿಲ್ಲುವುದು ನಮ್ಮ ಪ್ರಾಣ ಉಳಿಸಲು. ಅಪಘಾತದಲ್ಲಿ ಎಂಜಿನ್ ನಿಂತು ಕೊಳವೆ ಹರಿದಿದ್ದರೆ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರಬಾರದು. ಎಂಜಿನ್ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ಹೇಳಿದರೆ ಮಾತ್ರ ಇಸಿಯು ಪಂಪನ್ನು ಮುಂದುವರಿಸುತ್ತದೆ. ಆ ಸೆನ್ಸರ್ ಸತ್ತಿದ್ದರೆ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲುಗದಿದ್ದರೆ ಅನುಮಾನ ಅಲ್ಲಿಗೆ ಹೋಗಬೇಕು, ಪಂಪಿನ ಕಡೆಗಲ್ಲ.

ಪೆಟ್ರೋಲಿನಲ್ಲಿ ಮುಳುಗಿದ ಕರೆಂಟ್ ಮೋಟಾರ್ ಎಂದರೆ ಹಲವರಿಗೆ ಭಯ. ಅದರ ಬ್ರಶ್‌ಗಳಲ್ಲಿ ಸಣ್ಣ ಕಿಡಿಯೂ ಏಳುತ್ತದೆ. ಆದರೂ ಬೆಂಕಿ ಹತ್ತುವುದಿಲ್ಲ. ಮೋಟಾರಿನೊಳಗೆ ಬರೀ ದ್ರವ, ಉರಿಯಲು ಆಕ್ಸಿಜನ್ ಇಲ್ಲ. ಪೆಟ್ರೋಲಿನ ಮೇಲಿನ ಖಾಲಿ ಜಾಗದಲ್ಲಿ ನಮ್ಮ ಊರಿನ ಹವೆಯಲ್ಲಿ ಆವಿ ಎಷ್ಟು ದಟ್ಟ ಎಂದರೆ ಆ ಶೇ 7.6ರ ಮಿತಿಯನ್ನು ಎಂದೋ ದಾಟಿರುತ್ತದೆ. ಜೊತೆಗೆ ಹರಿಯುವ ಪೆಟ್ರೋಲೇ ಮೋಟಾರನ್ನು ತಂಪಾಗಿಡುತ್ತದೆ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವವರ ಪಂಪ್ ಬೇಗ ಬಳಲುವುದಕ್ಕೆ ಇದೊಂದು ಕಾರಣ.

ಕಿವಿ ಆದ ಮೇಲೆ ಮೂಗು. ಹತ್ತು ಸೆಕೆಂಡ್ ಸೆಲ್ಫ್ ಹೊಡೆದ ಮೇಲೆ ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಹುಡುಕಾಟ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಕಡೆ ತಿರುಗಲಿ. ವಾಸನೆಯೇ ಇಲ್ಲದಿದ್ದರೆ ಪ್ರೆಶರ್ ಗೇಜ್ ತರಿಸಿ. ಗೇಜ್ ಹಾಕುವಾಗ ಲೈನಿನಲ್ಲಿ ಉಳಿದ ಒತ್ತಡವನ್ನು ಮೊದಲು ಇಳಿಸಬೇಕು. ಇಲ್ಲದಿದ್ದರೆ ಪೆಟ್ರೋಲ್ ಮುಖಕ್ಕೆ ಹಾರುತ್ತದೆ. ಹೊಸಬರು ಇದನ್ನು ಒಬ್ಬರೇ ಮಾಡಬಾರದು.

ಗೇಜಿನ ಮುಳ್ಳು ನೋಡುವುದು ಒಂದು ಖುಷಿ. ಕೀ ಆನ್ ಮಾಡಿದ ಕೂಡಲೇ ಜಿಗಿದು 3 ಬಾರ್ ದಾಟಿ ನಿಂತರೆ ಪಂಪ್ ಗಟ್ಟಿ. ಕೀ ಆಫ್ ಮಾಡಿದ ಮೇಲೂ ಕೆಲವು ನಿಮಿಷ ಅಲ್ಲೇ ಇರಬೇಕು. ಕಣ್ಣೆದುರೇ ಸರಸರನೆ ಸೊನ್ನೆಗೆ ಇಳಿದರೆ ಒತ್ತಡ ಎಲ್ಲೋ ಸೋರುತ್ತಿದೆ. ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯಬೇಕಾದ ಪಂಪಿನ ಚೆಕ್ ವಾಲ್ವ್ ಮೂಲಕ ಟ್ಯಾಂಕಿಗೇ ವಾಪಸ್ ಹೋಗುತ್ತಿದ್ದರೆ ವಾಸನೆ ಇರುವುದಿಲ್ಲ, ಸ್ಟಾರ್ಟ್ ಆಗಲು ಹೊತ್ತು ಹಿಡಿಯುತ್ತದೆ ಅಷ್ಟೇ. ಕೀಯನ್ನು ಮೂರು ಸಲ ಆನ್ ಆಫ್ ಮಾಡಿ ಆಮೇಲೆ ಹೊಡೆದರೆ ಥಟ್ಟನೆ ಹಿಡಿಯುತ್ತದೆ. ಇಂಜೆಕ್ಟರ್ ಸೋರುತ್ತಿದ್ದರೆ ಹಾಗಲ್ಲ. ವಾಸನೆ ಹೊಡೆಯುತ್ತದೆ, ಹಿಡಿದ ಮೇಲೆ ಕಪ್ಪು ಹೊಗೆ ಬರುತ್ತದೆ.

ನೀರಿನ ಅನುಮಾನ ಪೂರ್ತಿ ಸುಳ್ಳಲ್ಲ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಸೇರಿ ಬೇರೆ ಪದರವಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದೂ ತಳದಿಂದಲೇ. ಬಂಕಿನಲ್ಲಿ ಹಾಕಿಸಿ ಸ್ವಲ್ಪ ದೂರ ಬರುವಷ್ಟರಲ್ಲಿ ಗಾಡಿ ನಿಂತಿದ್ದರೆ ಒಂದು ಗಾಜಿನ ಬಾಟಲಿಗೆ ಪೆಟ್ರೋಲ್ ತೆಗೆದು ಅಲುಗಿಸದೆ ಇಟ್ಟು ನೋಡಿ. ಎರಡು ಪದರ ಕಂಡರೆ ಉತ್ತರ ಸಿಕ್ಕಿತು. ಪದರ ಕಾಣದಿದ್ದರೆ ಎಲ್ಲ ತಪ್ಪನ್ನೂ ಎಥನಾಲ್ ತಲೆಗೆ ಕಟ್ಟುವುದು ಬೇಡ.

ಗೇಜ್ ಸೊನ್ನೆ ತೋರಿಸಿತು, ಪಂಪಿನ ಸದ್ದೂ ಇಲ್ಲ ಎಂದುಕೊಳ್ಳಿ. ಆಗಲೂ ಪಂಪ್ ಬಿಚ್ಚಬೇಡಿ. ಫ್ಯೂಸ್ ನೋಡಿ. ಎಷ್ಟೋ ಕಾರುಗಳಲ್ಲಿ ಹಾರ್ನ್ ರಿಲೇ, ಪಂಪ್ ರಿಲೇ ಒಂದೇ ಥರದವು. ಒಂದೇ ನಂಬರ್ ಇದ್ದರೆ ಅದಲುಬದಲು ಮಾಡಿ ನೋಡಿ. ಮಳೆಗಾಲದಲ್ಲಿ ಇಲಿ ವೈರ್ ಕಡಿದಿದೆಯೇ ಗಮನಿಸಿ. ಕೊನೆಗೆ ಪಂಪಿನ ಕನೆಕ್ಟರ್ ಕಳಚಿ ಕರೆಂಟ್ ನೋಡಬೇಕು. ಇಲ್ಲಿ ಬರೀ ಮಲ್ಟಿಮೀಟರ್ ನಂಬಿದರೆ ಮೋಸ ಹೋಗುತ್ತೇವೆ. ಒಂದೇ ಎಳೆ ತಾಮ್ರ ಉಳಿದ ತುಕ್ಕು ಹಿಡಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟ್ ಏನೇನೂ ಅಲ್ಲ. ಪಂಪಿಗೆ ಹಲವು ಆಂಪಿಯರ್ ಬೇಕು. ಆದ್ದರಿಂದ ಆ ಕನೆಕ್ಟರಿಗೆ ಒಂದು ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿ, ಪೆಟ್ರೋಲ್ ಆವಿಯಿಂದ ದೂರ ಹಿಡಿದು ಕೀ ಆನ್ ಮಾಡಿ. ಬಲ್ಬ್ ಮಿಣುಕಿದರೆ ವೈರ್, ಅರ್ತಿಂಗ್ ಸರಿಮಾಡಿಸಿ. ಎರಡು ಸೆಕೆಂಡ್ ಪ್ರಖರವಾಗಿ ಉರಿದರೆ ಆಗ ಹೊಸ ಪಂಪ್ ತರಿಸಿ.